ಮಲಗದ ಗೆರೆ

ಕೋಡಿಬಾಗದ ಪ್ರಯೋಗಶಾಲೆಯಲ್ಲಿ ನನ್ನ ತಮ್ಮ ಉಮಾಕಾಂತ
ಊರಕೋಳಿಯೊಂದನ್ನು ಅಂಗಾತ ಮಲಗಿಸಿ
ಎದೆಯ ಮೇಲೆ ಅಂಗೈ ಊರುತ್ತಾನೆ.
ಹದಿನೈದು ಎಣಿಸಿ ಕೈ ತೆಗೆಯುತ್ತಾನೆ.
ಕೋಳಿ ಏಳುವುದಿಲ್ಲ.

ಕಾಲು ಗಾಳಿಯಲ್ಲಿ, ಕೊಕ್ಕು ಅರೆತೆರೆದು,
ಕತ್ತು ಮೇಜಿನ ಅಂಚಿಗೆ ಜೋತು.
ಬೈತಖೋಲ ಬಂದರಿನ ಯಾವ ಹೆಂಗಸಿಗೆ ತೋರಿಸಿದರೂ
ಸತ್ತದ್ದನ್ನು ಯಾಕೆ ತಂದೆ, ಒಯ್ದು ಹೂಳು, ಅಂದಾಳು.

ತಲೆಯಿಂದ ಹೊರಟ ಕೂದಲೆಳೆಯ ತಂತಿ
ಪರದೆಯ ಮೇಲೆ ಗೆರೆ ಬರೆಯುತ್ತಿದೆ.
ಬಗ್ಗಿ ನೋಡಿದೆ. ಗಾಳಿ ಬಿದ್ದ ದಿನದ ಕಡಲಿನಂತೆ
ಸಪಾಟಾಗಿರುತ್ತದೆ ಅಂದುಕೊಂಡಿದ್ದೆ.
ಅಲ್ಲ.
ಕಾಳಿ ನದಿ ಸಮುದ್ರಕ್ಕೆ ಬೀಳುವಲ್ಲಿ
ಇಳಿತದ ಹೊತ್ತಿಗೆ ನೀರು ನೀರಿಗೇ ಬಡಿದುಕೊಳ್ಳುತ್ತದಲ್ಲ,
ಹಾಗೆ.

"ನಿದ್ದೆ ಅಲ್ಲ ಅಕ್ಕ. ಎಚ್ಚರ ಇದೆ.
ಎಲ್ಲ ಕೇಳ್ತಾ ಇದೆ ಅದಕ್ಕೆ."
ಚಹದ ಚಮಚದಿಂದ ಗಾಜಿನ ಲೋಟಕ್ಕೆ ಒಮ್ಮೆ ಬಡಿದ.
ಒಂದು ಪುಕ್ಕವೂ ಅಲುಗಲಿಲ್ಲ.
ಗೆರೆ ಜಿಗಿಯಿತು.

ಅಪ್ಪ ದೋಣಿಯಲ್ಲಿ ಮೋರಿ ಮೀನಿನ ಮರಿಯನ್ನು
ಹೊಟ್ಟೆ ಮೇಲಾಗಿಸಿ ಹಿಡಿಯುತ್ತಿದ್ದ.
ಬಡಬಡ ಬಾಲ ನಿಂತೇಹೋಗುತ್ತಿತ್ತು.
"ನೋಡು, ನಿದ್ದೆ ಬಂತು ಪಾಪಕ್ಕೆ."
ನಂಬಿದ್ದೆ.
ಮೂವತ್ತು ವರ್ಷ ನಂಬಿಯೇ ಇದ್ದೆ.

ನನ್ನದು ಜಿಲ್ಲಾ ಕೋರ್ಟಿನಲ್ಲಿ ಬೆರಳಚ್ಚಿನ ಕೆಲಸ.
ಹೋದ ಮಂಗಳವಾರ ಬಾಗಿಲು ಮುಚ್ಚಿ ವಿಚಾರಣೆ.
ಸಾಕ್ಷಿ ಸಂಖ್ಯೆ ಒಂದು, ವಯಸ್ಸು ಹತ್ತೊಂಬತ್ತು,
ಉದ್ಯೋಗ ಸಿಗಡಿ ಸುಲಿಯುವುದು.
ಹೆಸರು ಹೇಳುವಂತಿಲ್ಲ, ಇಲ್ಲಿಯೂ.

ಪಾಟೀಸವಾಲು.
ವಕೀಲರ ಪ್ರಶ್ನೆಯನ್ನೇ ಸಾಕ್ಷಿಯ ಬಾಯಿಗೆ ಹಾಕಿ
ಬರೆಯುವುದು ನಮ್ಮ ರೂಢಿ:

ನಾನು ಕೂಗಲಿಲ್ಲ ಎಂದರೆ ಸರಿ.
ನನ್ನ ಕೈಕಾಲು ಯಾರೂ ಕಟ್ಟಿರಲಿಲ್ಲ ಎಂದರೆ ಸರಿ.
ಪಕ್ಕದ ಮನೆಯವರು ಕುಕ್ಕರು ಇಳಿಸಿದ್ದು ನನಗೆ ಕೇಳಿಸಿತು ಎಂದರೆ ಸರಿ.
ನಾನು ಒಪ್ಪಿಯೇ ಸುಮ್ಮನಿದ್ದೆ ಎಂದರೆ

ಇಲ್ಲಿ ಅವಳು ನಿಂತಳು.
ಫ್ಯಾನು ತಿರುಗಿತು. ಅರಗಾದ ಕಡೆಯಿಂದ
ನೌಕಾನೆಲೆಯ ಸೈರನ್ನು ಎದ್ದು, ಉದ್ದಕ್ಕೆ ಕೂಗಿ, ಇಳಿಯಿತು.
ಕಟಕಟೆಯ ಕಟ್ಟಿಗೆಯ ಮೇಲೆ ಅವಳ ಬೆರಳು ಹತ್ತೂ ಹಾಗೇ,
ರೆಪ್ಪೆ ಹಾಗೇ.
ಇದ್ದ ಅಷ್ಟೂ ಜನ ಅವಳನ್ನೇ ನೋಡುತ್ತಿದ್ದರು.
ನಾನೂ.

ಗೋಡೆ ಗಡಿಯಾರದಲ್ಲಿ ನಾಲ್ಕು ನಿಮಿಷ.
ಆಮೇಲೆ, ಗಂಟಲ ತಳದಿಂದ,
ಸರಿಯಲ್ಲ.

ಎಂದರೆ ಸರಿಯಲ್ಲ.
ಎರಡು ಪದಗಳ ನಡುವೆ ನಾನು ಬಿಟ್ಟದ್ದು
ಎಲ್ಲ ಪದಗಳ ನಡುವೆ ಬಿಡುವಷ್ಟೇ ಜಾಗ.
ಅದಕ್ಕಿಂತ ಹೆಚ್ಚಿಗೆ ಬಿಟ್ಟರೆ ತಪ್ಪು ಅನ್ನುತ್ತಾರೆ.
ಓದಿ ಹೇಳಿ, ಕೇಳಿ, ಸರಿ ಇದೆ.
ಸಹಿ ಹಾಕಿದಳು, ಶಾಲೆಯ ದುಂಡು ಅಕ್ಷರದಲ್ಲಿ.

ಉಮಾಕಾಂತನಿಗೆ ಇದೊಂದನ್ನೂ ಹೇಳಲಿಲ್ಲ. ಹೇಳುವಂತಿಲ್ಲ.
ಅವನು ರಟ್ಟಿನ ಮೇಲೆ ಎರಡು ಕಣ್ಣು ಬರೆದು
ಕೋಳಿಯ ಎದುರಿಗೆ ನಿಲ್ಲಿಸುತ್ತಿದ್ದ.
"ಯಾರಾದ್ರೂ ನೋಡ್ತಾ ಇದ್ರೆ ಏಳೋದು ತಡ.
ಬರೀ ಬಣ್ಣದ ಕಣ್ಣಾದ್ರೂ ಸಾಕು."

ಏಳು ನಿಮಿಷ. ಒಂಬತ್ತು.
ಗೆರೆ ಬಡಿದುಕೊಳ್ಳುತ್ತಲೇ ಇತ್ತು.
ನಾನು ರಟ್ಟನ್ನು ಮಗುಚಿ ಹಾಕಿದೆ.
ಲೆಕ್ಕ ಕೆಡಿಸಿದೆಯಲ್ಲೇ, ಎಂದು ರೇಗಿದ.
ಅವನ ಭುಜ ಹಿಡಿದು ಕಿಟಕಿಯ ಕಡೆಗೆ ತಿರುಗಿಸಿದೆ,
ನಾನೂ ತಿರುಗಿದೆ.
ಹೊರಗೆ ಸೇತುವೆ, ಗೋವೆಗೆ ಹೋಗುವ ಲಾರಿಗಳು,
ಆಚೆ ಸದಾಶಿವಗಡದ ಗುಡ್ಡ,
ಅದರ ಮೇಲೆ ಏನೂ ಇಲ್ಲದ ಆಕಾಶ.

ಬೆನ್ನ ಹಿಂದೆ
ಉಗುರು ಮೇಜಿಗೆ ತಾಗಿದ ಸದ್ದು.

ತಿರುಗಬೇಡ, ಎಂದೆ.
ಇನ್ನೊಂದು ಚೂರು ಹೊತ್ತು.